ನೀಲಗಂಗಮ್ಮನ ಗೂಟಗಳು

ಹಳೇಕೋಟೆಗೆ ಕರೆಂಟು ಬರುತ್ತದೆಂದು ಮೊಟ್ಟಮೊದಲು ಸಾರಿದವನು ಯೋಗಾನರಸಿಂಹ. ಆಗ ಅವನು ಹೊಳೆನರಸೀಪುರದಲ್ಲಿ ಪರಮಶಿವಯ್ಯನವರ ಮೆಣಸಿನಕಾಯಿ ಮಂಡಿಯ ಗುಮಾಸ್ತ. ಮೀಸೆ ಇನ್ನೂ ಹಂಗಾಮಿ, ಕೆಲಸ ಅದಕ್ಕಿಂತ ಹಂಗಾಮಿ. ಇದನ್ನು ಬರೆಯುತ್ತಿರುವವನೂ ಅವನೇ ಆದ್ದರಿಂದ, ಮುಂದೆ ಎಲ್ಲಾದರೂ ಅವನನ್ನು ಹೊಗಳಿದ ಮಾತು ಕಂಡರೆ ಓದುವವರು ಮುಕ್ಕಾಲು ಪಾಲು ಬಿಟ್ಟು ಓದುವುದು ಒಳ್ಳೆಯದು.

ಅದು ಸಾವಿರದ ಒಂಬೈನೂರ ನಲವತ್ತನೆಯ ಇಸವಿ. ರೋಹಿಣಿ ಮಳೆ ಒಂದು ಹದ ಬಿದ್ದಿತ್ತು. ರೈತರಿಗೆ ಮೆಣಸಿನಕಾಯಿಯ ಧಾರಣೆ ತಿಳಿಸಿಬರಲು ಬಾಡಿಗೆ ಸೈಕಲ್ ಹತ್ತಿ ಹಳೇಕೋಟೆಗೆ ಹೊರಟಿದ್ದ ಯೋಗಾನರಸಿಂಹ ಊರು ದಾಟಿದ ಕೂಡಲೆ ಕಾಲು ಕೆಳಗೂರಿ ನಿಂತ. ಮೊನ್ನೆಯವರೆಗೆ ಬೋಳು ಬೋಳಾಗಿದ್ದ ರಸ್ತೆಯ ಅಂಚಿನಲ್ಲಿ ಆಳೆತ್ತರದ ಗೂಟಗಳು ಸಾಲಾಗಿ ನಿಂತಿದ್ದವು. ಒಂದೊಂದರ ತುದಿಗೂ ಸಗಣಿ ಮೆತ್ತಿತ್ತು. ಹಾಸನಕ್ಕೆ ಕರೆಂಟು ಬಂದ ಕಥೆಯನ್ನು ಅವನು ಸೋದರಮಾವನ ಬಾಯಲ್ಲಿ ಬೇಕಾದಷ್ಟು ಕೇಳಿದ್ದ. ಮೊದಲು ಕಂಬ, ಆಮೇಲೆ ತಂತಿ, ಆಮೇಲೆ ಬೆಳಕು. ಕಂಬಗಳು ಕುಳ್ಳಾಗಿವೆಯಲ್ಲ ಎಂದು ಒಂದು ಗಳಿಗೆ ಅನುಮಾನ ಬಂತು. ಹಳ್ಳಿಗೆ ಇಷ್ಟೆತ್ತರ ಸಾಕೆಂದು ಸರ್ಕಾರ ಉಳಿತಾಯ ಮಾಡಿರಬೇಕೆಂದು ತಾನೇ ಸಮಾಧಾನ ಹೇಳಿಕೊಂಡ. ಸಗಣಿ ಯಾಕೆ? ಸಿಡಿಲಿಗಿರಬೇಕು. ಓದಿದವನಿಗೆ ಯಾವ ಪ್ರಶ್ನೆಗೂ ಉತ್ತರ ಸಿಗದೆ ಇರುವುದಿಲ್ಲ.

ಹಳೇಕೋಟೆಯ ಪಟೇಲರ ಜಗಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ಧಾರಣೆಯ ವಿಷಯ ಮರೆತು, ಕರೆಂಟಿನ ವಿಷಯ ಹೇಳಿದ. ಗುಂಡಿ ಒತ್ತಿದರೆ ಬೆಳಕು. ಎಣ್ಣೆಯಿಲ್ಲ, ಬತ್ತಿಯಿಲ್ಲ, ಗಾಳಿಗೆ ಆರುವುದಿಲ್ಲ. ಪಟೇಲರ ಹೆಂಡತಿ ದೊಡ್ಡತಾಯಮ್ಮ ಹಾಸನಕ್ಕೆ ಹೋದವರ ಕೈಲಿ ಒಂದು ಬಲ್ಬು ತರಿಸಿ, ದೇವರ ಗೂಡಿನ ಮುಂದೆ ದಾರದಲ್ಲಿ ತೂಗುಹಾಕಿ, ಅದರ ಬುಡಕ್ಕೆ ಕುಂಕುಮವಿಟ್ಟು ಎರಡು ಹೊತ್ತೂ ಊದುಬತ್ತಿ ಬೆಳಗತೊಡಗಿದರು.

ಆರಿದ್ರಾ ಮಳೆ ಬರುವ ಹೊತ್ತಿಗೆ ಲೈಟುಕಂಬಗಳೆಲ್ಲ ಚಿಗುರಿದವು.

“ಏನ್ ಸ್ವಾಮೀ,” ಎಂದರು ದೊಡ್ಡತಾಯಮ್ಮ, ಅವನು ಮುಂದಿನ ಸಲ ಹೋದಾಗ. “ಕಂಬದಾಗೆ ಕರೆಂಟ್ ಬತ್ತದೆ ಅಂದ್ರಿ. ಎಲೆ ಬಂದದಂತಲ್ಲಾ? ಈ ಗಾಜಿನ ಬುಡ್ಡೀನ ತಕ್ಕಂಡೋಗಿ ಮರಕ್ಕೇ ಕಟ್ಬುಡಿ, ಕಾಯಿ ಬುಟ್ಟಂಗೆ ಕಾಣ್ತದೆ.”

ಜಗಲಿಯ ಮೇಲಿದ್ದವರು ನಕ್ಕ ನಗು ಹೊಳೆಯಾಚೆಗೂ ಕೇಳಿರಬೇಕು. ಹೀಗೆ ಮಾನ ಕಳೆದುಕೊಂಡ ಮೇಲೆ ಗೂಟ ನೆಟ್ಟವರು ಯಾರೆಂದು ವಿಚಾರಿಸಿದ. ಉತ್ತರಕ್ಕಾಗಿ ದೂರ ಹೋಗಬೇಕಾಗಿರಲಿಲ್ಲ. ಅವನು ಯಾರ ಸೈಕಲ್ಲಿನ ಮೇಲೆ ಕೂತು ಆ ಗೂಟಗಳನ್ನು ಕಂಡಿದ್ದನೋ ಅವರೇ ನೆಟ್ಟಿದ್ದರು.

ಸ್ಟೇಷನ್ ರಸ್ತೆಯ ತಿರುವಿನಲ್ಲಿ, ತಗಡಿನ ಮಾಡಿನ ಕೆಳಗೆ ನೀಲಗಂಗಮ್ಮನ ಬಾಡಿಗೆ ಸೈಕಲ್ ಶಾಪು. ಹಣೆಗೆ ವಿಭೂತಿ, ಕೊರಳಲ್ಲಿ ಶಿವದಾರ, ಸೊಂಟಕ್ಕೆ ಬಿಗಿದ ಸೆರಗು, ಮುಂದೆ ಒಂದು ನೀರಿನ ಬಾನಿ. ಟ್ಯೂಬನ್ನು ಬಾನಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ಕಡೆ ಹೆಬ್ಬೆರಳಿಟ್ಟು, “ಇಕಾ, ಇಲ್ಲಿ ಉಸುರು ಬುಡ್ತಾ ಅವ್ನೆ” ಎನ್ನುವರು. ಯೋಗಾನರಸಿಂಹ ಕೋಪದಿಂದಲೇ ಹೋಗಿ ಎದುರು ನಿಂತ.

“ನೀವು ಒಂದು ಮಾತು ಹೇಳಬಾರದಾಗಿತ್ತೇನ್ರೀ, ಅದು ಮರ ಅಂತ?”

“ನೀವು ಕೇಳ್ನೇ ಇಲ್ವಲ್ಲ ಗುಮಾಸ್ತ್ರೇ. ಎಲೆ ಬುಟ್ಮ್ಯಾಲೂ ಗೊತ್ತಾಗ್ದೆ ಇದ್ರೆ ಹೇಳಾನ ಅಂತಿದ್ದೆ.”

ನೀಲಗಂಗಮ್ಮನಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಸೈಕಲ್ಲುಗಳನ್ನು ಮೈಸೂರಿನಿಂದ ತಂದು ಶಾಪು ಹಾಕಿದವರು ಅವರ ಯಜಮಾನರು ಗೌರೀಶಂಕರಯ್ಯ. ಅವರು ಜ್ವರದಲ್ಲಿ ತೀರಿಕೊಂಡಾಗ ಚನ್ನರಾಯಪಟ್ಟಣದಿಂದ ಮೈದುನ ಷಡಕ್ಷರಿ ಬಂದ. ಬಟ್ಟೆ ಅಂಗಡಿ ಇಟ್ಟಿದ್ದ ಅನುಕೂಲಸ್ಥ. ಕಾರ್ಯವೆಲ್ಲ ಮುಗಿದ ಮೇಲೆ, ಸೈಕಲ್ಲುಗಳನ್ನು ಮಾರಿಬಿಡುವುದು, ಅತ್ತಿಗೆ ತನ್ನ ಮನೆಗೆ ಬಂದು ಇದ್ದುಬಿಡುವುದು ಎಂದು ನೆಂಟರ ಮುಂದೆ ತೀರ್ಮಾನ ಹೇಳಿದ. ಇದ್ದುಬಿಡುವುದೆಂದರೆ ಅವನ ಮನೆಯ ಒಲೆಯ ಮುಂದೆ ಇದ್ದುಬಿಡುವುದು ಎಂದು ಅಲ್ಲಿ ಕೂತಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು.

“ಹೆಂಗಸ್ರು ಪಂಕ್ಚರ್ ಹಾಕೋದು ನಮ್ ವಂಶದಲ್ಲಿ ಉಂಟಾ ಅತ್ತಿಗೆ?” ಎಂದ.

“ನಿಮ್ ವಂಸದಾಗೆ ಸೈಕಲ್ಲೂ ಇರ್ಲಿಲ್ಲ ಕಣಪ್ಪ, ನಿಮ್ಮಣ್ಣ ತಂದ್ರು,” ಎಂದರು ನೀಲಗಂಗಮ್ಮ. “ಚಕ್ರ ತಿರುಗೋಗಂಟ ನಾನಿಲ್ಲೇ ಇರ್ತೀನಿ. ನಿಂತೋಯ್ತು ಅಂದ್ರೆ ನೀನೇ ಗಾಡಿ ತಂದು ಕರ್ಕಂಡೋಗು. ಒಂದು ಮಾತೂ ಆಡಾಕಿಲ್ಲ.”

ಷಡಕ್ಷರಿ ಒಪ್ಪಿದ. ಒಂದು ಬೇಸಿಗೆ ಕಳೆದರೆ ತಾನಾಗಿಯೇ ನಿಲ್ಲುತ್ತದೆಂದು ಅವನ ಎಣಿಕೆ. ಎಣಿಕೆ ತಪ್ಪೇನೂ ಇರಲಿಲ್ಲ.

ಏಕೆಂದರೆ ಆ ಶಾಪಿನ ಗಿರಾಕಿಗಳಲ್ಲಿ ಮುಕ್ಕಾಲು ಮಂದಿ ಹಳೇಕೋಟೆ ಕಡೆಗೆ ಹೋಗುವವರು, ಮತ್ತು ಹಳೇಕೋಟೆ ರಸ್ತೆಯಲ್ಲಿ ಕಾಗೆ ಕೂರುವಷ್ಟು ನೆರಳಿರಲಿಲ್ಲ. ಶಿವರಾತ್ರಿ ಕಳೆಯಿತೆಂದರೆ ರಸ್ತೆಯ ಜಲ್ಲಿ ರೊಟ್ಟಿ ಹಂಚಿನ ಹಾಗೆ ಕಾಯುವುದು. ಆ ಕಾವಿಗೆ ಅಂಟಿಸಿದ ಸಲ್ಯೂಷನ್ ಕರಗಿ ಟ್ಯೂಬಿನ ಪ್ಯಾಚುಗಳು ಒಂದೊಂದಾಗಿ ಬಿಚ್ಚಿಕೊಳ್ಳುವವು. ಬೆಳಿಗ್ಗೆ ಸವಾರಿ ಮಾಡಿಕೊಂಡು ಹೋದವನು ಮಧ್ಯಾಹ್ನ ಸೈಕಲ್ಲನ್ನು ಕರುವಿನ ಹಾಗೆ ನಡೆಸಿಕೊಂಡು ಬಂದು, ಬಾಡಿಗೆ ಕೊಡುವ ಬದಲು ಶಾಪ ಕೊಟ್ಟು ಹೋಗುವನು. ಎರಡು ಬೇಸಿಗೆ ಇದನ್ನು ನೋಡಿದ ಮೇಲೆ ನೀಲಗಂಗಮ್ಮನಿಗೆ ಒಂದು ವಿಷಯ ಖಚಿತವಾಯಿತು. ಕೆಟ್ಟಿರುವುದು ಸೈಕಲ್ಲಲ್ಲ, ರಸ್ತೆ. ರಿಪೇರಿ ಆಗಬೇಕಾದ್ದು ರಸ್ತೆಗೆ.

ಮೊದಲ ಸಲ ಅವರು ನೆಟ್ಟದ್ದು ಹೊಂಗೆಯ ಸಸಿ. ಆಡುಕುರಿ ತಿನ್ನದಂತೆ ಸುತ್ತ ಜಾಲಿ ಮುಳ್ಳಿನ ಬೇಲಿ ಕಟ್ಟಿಸಿದರು. ಗಾಳಿಗೆ ಆ ಮುಳ್ಳು ಹಾರಿ ರಸ್ತೆಗೆ ಬಿತ್ತು. ರಸ್ತೆಯಿಂದ ಟೈರಿಗೆ, ಟೈರಿನಿಂದ ಟ್ಯೂಬಿಗೆ. ತಾವು ಹಾಕಿಸಿದ ಮುಳ್ಳಿಗೆ ತಾವೇ ಪಂಕ್ಚರ್ ಹಾಕುತ್ತ ಕೂರುವಂತಾಯಿತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ವ್ಯಾಪಾರಕ್ಕಾಗಿ ಅಮ್ಮನೇ ದಾರಿಗೆ ಮುಳ್ಳು ಎರಚುತ್ತಾಳೆಂದು ಪೇಟೆಯಲ್ಲಿ ಮಾತು ಹುಟ್ಟಿತು. ನೀಲಗಂಗಮ್ಮ ಸಿಟ್ಟಿಗೆದ್ದು ಬೇಲಿಯನ್ನೆಲ್ಲ ಕೀಳಿಸಿದರು. ಮಾರನೆಯ ಬೆಳಿಗ್ಗೆ ಸಸಿಗಳನ್ನು ಆಡುಗಳು ಕಿತ್ತು ಮುಗಿಸಿದವು.

ಆಡಿನ ಬಾಯಿಗೆ ಎಟುಕಬಾರದು, ಮುಳ್ಳೂ ಬೇಕಾಗಬಾರದು. ಹಾಗಾದರೆ ಮರ ಹುಟ್ಟುವಾಗಲೇ ಆಳೆತ್ತರ ಇರಬೇಕು. ಗೋಣಿ, ಬಸರಿ, ಆಲ, ಇಂಥ ಹಾಲುಮರಗಳ ದಪ್ಪ ಕೊಂಬೆ ಕಡಿದು ನೆಟ್ಟರೆ ಚಿಗುರುತ್ತದೆಂದು ಹಳ್ಳಿಯಲ್ಲಿ ಯಾರಿಗೆ ಗೊತ್ತಿಲ್ಲ? ಕೊಟ್ಟಿಗೆಯ ಹಿಂದೆ ಗೂಟ ಹೊಡೆದು ಮರವಾದದ್ದು ಊರಿಗೆ ನಾಲ್ಕಿರುತ್ತವೆ. ರಸ್ತೆಗೆ ನೆಡಬೇಕೆಂದು ಮಾತ್ರ ಯಾರಿಗೂ ತೋಚಿರಲಿಲ್ಲ. ರಸ್ತೆ ಯಾರ ಕೊಟ್ಟಿಗೆಯೂ ಅಲ್ಲವಲ್ಲ. ಸ್ಟೇಷನ್ನಿಗೆ ಸರಕು ತರುವ ಗಾಡಿಯವರನ್ನು ಹಿಡಿದು, ಅವರ ಗಾಡಿಗಳಿಗೆ ಕೀಲೆಣ್ಣೆ ಪುಕ್ಕಟೆ ಎಂದು ಹೇಳಿ, ಸರಕಿನ ಮೇಲೆ ಕೊಂಬೆ ಹೇರಿಸಿ ತರಿಸಿ, ಕಡಿದ ತುದಿ ಒಣಗದಂತೆ ಸಗಣಿ ಮೆತ್ತಿಸಿದರು. ರಸ್ತೆಯ ಓವರ್ಸಿಯರನ್ನೂ ಕೇಳಿದರು.

“ಅವರೇನಂದ್ರು?” ಎಂದು ಯೋಗಾನರಸಿಂಹ ಕೇಳಿದ.

“ನೋಡಾನ ಅಂದ್ರು. ನೋಡ್ಬೇಕಾದ್ರೆ ಅಲ್ಲಿ ಏನಾರ ಇರ್ಬೇಕಲ್ಲಾ? ಅದ್ಕೇ ನೆಟ್ಬುಟ್ಟೆ.”

ಮಳೆಗಾಲ ಮುಗಿಯುವವರೆಗೆ ಮೋಡ ನೋಡಿಕೊಂಡಿತು. ಸಂಕ್ರಾಂತಿಯಿಂದಾಚೆ ಶಾಪಿನಲ್ಲಿ ಹೊಸ ಕಾನೂನು ಬಂತು. ಹಳೇಕೋಟೆ ಕಡೆ ಹೋಗುವವರು ಯಾರೇ ಆಗಲಿ, ಸೈಕಲ್ಲಿನ ಹ್ಯಾಂಡಲ್ಲಿಗೆ ಒಂದು ಸೋರೆಬುರುಡೆ ನೀರು ತಗುಲಿಸಿಕೊಂಡು ಹೋಗಬೇಕು, ದಾರಿಯಲ್ಲಿ ಒಂದು ಗೂಟದ ಬುಡಕ್ಕೆ ಹೊಯ್ಯಬೇಕು. ಇಲ್ಲವೆಂದರೆ ಬಾಡಿಗೆಯಿಲ್ಲ. ಹೊಳೆನರಸೀಪುರದಲ್ಲಿ ಬೇರೆ ಸೈಕಲ್ ಶಾಪೂ ಇರಲಿಲ್ಲ. ಶಾನುಭೋಗ ಅಪ್ಪಾಜಿಯವರು ಜರಿ ರುಮಾಲು ಸುತ್ತಿ, ಮೊಣಕಾಲಿಗೆ ಬುರುಡೆ ಬಡಿಸಿಕೊಳ್ಳುತ್ತ ಪೇಟೆಬೀದಿಯಲ್ಲಿ ಹೋಗುವುದನ್ನು ನೋಡಲು ಜನ ಅಂಗಡಿಯಿಂದ ಹೊರಗೆ ಬರುತ್ತಿದ್ದರು.

ಕಾನೂನು ಬಂದಲ್ಲಿ ಕಳ್ಳದಾರಿಯೂ ಬರುತ್ತದೆ. ಊರು ದಾಟಿದ ಕೂಡಲೆ ಸಿಗುವ ಮೊದಲನೆಯ ಗೂಟಕ್ಕೇ ಎಲ್ಲರೂ ನೀರು ಸುರಿದು ಭಾರ ಇಳಿಸಿಕೊಳ್ಳತೊಡಗಿದರು. ಹಿಂದಿನವುಗಳು ಬಾಯಾರಿ ನಿಂತವು. ಮೊದಲನೆಯದು ಕುಡಿದು ಕುಡಿದು ಬುಡಸಮೇತ ಕೊಳೆತುಹೋಯಿತು.

ನೀಲಗಂಗಮ್ಮ ಕೂಗಾಡಲಿಲ್ಲ. ಒಂದು ಸೋಮವಾರ ಮಠದ ದರ್ಶನ ಮುಗಿಸಿಕೊಂಡು, ರಸ್ತೆಯುದ್ದಕ್ಕೂ ನಡೆದುಕೊಂಡು ಹೋಗಿ, ಒಂದೊಂದು ಗೂಟಕ್ಕೂ ಒಬ್ಬೊಬ್ಬ ಖಾಯಂ ಗಿರಾಕಿಯ ಹೆಸರಿಟ್ಟು ಬಂದರು. ಬರೆಯಲಿಲ್ಲ, ಬರೆಯಲು ಅವರಿಗೆ ಬರುತ್ತಲೂ ಇರಲಿಲ್ಲ. ಗಾಡಿಯವರಿಗೆ ಹೇಳಿದರು, ಅಷ್ಟೆ. ಗಾಡಿಯವರು ಊರಿಗೆಲ್ಲ ಹೇಳಿದರು. ಇದು ಶಾನುಭೋಗರ ಗೂಟ, ಇದು ಮೇಷ್ಟ್ರ ಗೂಟ, ಇದು ಎಣ್ಣೆ ಅಂಗಡಿ ಚನ್ನಪ್ಪನ ಗೂಟ.

ಮುಂದಿನ ವಾರ ಅಪ್ಪಾಜಿಯವರು ಶಾಪಿನ ಮುಂದೆ ಬಂದು ನಿಂತರು. ಮುಖ ಬಾಡಿತ್ತು.

“ಇದೇನಮ್ಮಾ ನೀಲಗಂಗಮ್ಮ? ಸಂತೆಯಲ್ಲಿ ಯಾವನೋ ಗಾಡಿಯವನು, ಶಾನುಭೋಗರು ಒಣಗಿಹೋಗ್ತಾವ್ರೆ, ಇನ್ನು ಜಾಸ್ತಿ ದಿನ ಇಲ್ಲ ಅಂತ ಕೂಗಿ ಹೇಳ್ತಾನೆ. ನಮ್ಮ ಮನೆಯವಳು ಕೇಳಿಸಿಕೊಂಡು ಅಳ್ತಾ ಕೂತಿದಾಳೆ!”

“ನೀರು ಉಯ್ದ್ರೆ ಚಿಗುರ್ಕತೀರ ಬುಡಿ ಸಾ.”

ಅಂದಿನಿಂದ ಅಪ್ಪಾಜಿಯವರು ಎರಡು ಬುರುಡೆ ಕಟ್ಟಿಕೊಂಡು ಹೊರಟರು. ಮೇಷ್ಟರು ಕೆಲಸವಿಲ್ಲದ ಭಾನುವಾರವೂ ಸೈಕಲ್ ತೆಗೆದುಕೊಂಡರು. ಚನ್ನಪ್ಪ ತನ್ನ ಗೂಟಕ್ಕೆ ಹಿಂಡಿ ಕಲಸಿ ಹಾಕಿದನಂತೆ. ತನ್ನ ಹೆಸರಿನದು ಒಣಗುವುದನ್ನು ನೋಡಿಕೊಂಡು ಆ ದಾರಿಯಲ್ಲಿ ಓಡಾಡುವ ಧೈರ್ಯ ತಾಲ್ಲೂಕಿನಲ್ಲಿ ಯಾರಿಗೂ ಇರಲಿಲ್ಲ.

ಕೊಳೆತುಹೋದ ಮೊದಲ ಗೂಟದ ಜಾಗ ಯೋಗಾನರಸಿಂಹನ ಪಾಲಿಗೆ ಬಂತು. ಕೂಲಿಯವರು ಬೇಡ, ನನ್ನ ಕೈಯಿಂದಲೇ ನೆಡುತ್ತೇನೆಂದು ಅವನು ಪಂಚೆ ಎತ್ತಿಕಟ್ಟಿ, ಗುಂಡಿ ತೋಡಿ, ಹೊಸ ಗೂಟ ನೆಟ್ಟ. ಊರ ಬಾಗಿಲಲ್ಲೇ ಇದ್ದುದರಿಂದ ಅವನ ಶ್ರಮವನ್ನು ಎಲ್ಲರೂ ನೋಡುವಂತಿತ್ತು. ಅದೇ ಆಮೇಲೆ ಕಷ್ಟಕ್ಕೆ ಬಂತು. ಆ ವರ್ಷದ ಮಳೆಗೆ ಹೊಸದಾಗಿ ನೆಟ್ಟವೆಲ್ಲ ಚಿಗುರಿದವು. ಅವನದು ಮಾತ್ರ ಹಾಗೇ ನಿಂತಿತ್ತು. ನೀರು ಹೊಯ್ದ, ಗೊಬ್ಬರ ಹಾಕಿದ. ತಾಯಿ ಗೋದಮ್ಮ ನರಸಿಂಹಸ್ವಾಮಿಗೆ ತುಪ್ಪದ ದೀಪ ಹರಸಿಕೊಂಡರು. ಮಂಡಿಯಲ್ಲಿ ಪರಮಶಿವಯ್ಯನವರು, “ಏನಯ್ಯ, ಈ ಸಲ ನಿಂದೊಂದು ನಿಜವಾಗ್ಲೂ ಲೈಟುಕಂಬವೇ ಇರಬೇಕು,” ಎಂದರು. ಕೊನೆಗೆ ನೀಲಗಂಗಮ್ಮ ಬಂದು ತೊಗಟೆ ಕೆರೆದು ನೋಡಿ, ಗಿಣ್ಣು ಸವರಿ ನೋಡಿ, ಸೆರಗು ಬಾಯಿಗಿಟ್ಟುಕೊಂಡರು.

“ಗುಮಾಸ್ತ್ರೇ, ನಿಮ್ನ ಕಾಲು ಮ್ಯಾಲೆ ಮಾಡಿ ನಿಲ್ಲಿಸಿ, ಬಾಯಿಗೆ ಮಣ್ಣು ಮುಚ್ಚಿ, ಉಣ್ಣಿ ಅಂದ್ರೆ ಉಣ್ತೀರಾ?”

ಗೂಟವನ್ನು ಅವನು ತಲೆಕೆಳಗಾಗಿ ನೆಟ್ಟಿದ್ದ. ಇನ್ನೊಂದನ್ನು ತಂದು, ಈ ಸಲ ಬುಡ ಯಾವುದೆಂದು ಕೇಳಿಕೊಂಡೇ ನೆಟ್ಟ.

ನಲವತ್ತೆರಡರಲ್ಲಿ ಯುದ್ಧ ಹೊಳೆನರಸೀಪುರದ ಸ್ಟೇಷನ್ ರಸ್ತೆಗೂ ಬಂತು. ಮಲಯಾ ದೇಶ ಜಪಾನಿನವರ ಕೈಗೆ ಹೋಯಿತೆಂದು ಮಂಡಿಯಲ್ಲಿ ಪತ್ರಿಕೆ ಓದಿದಾಗ ಯೋಗಾನರಸಿಂಹನಿಗೆ ಅದು ಎಲ್ಲೋ ದೂರದ ಸುದ್ದಿಯಾಗಿತ್ತು. ಟ್ಯೂಬು ತರಲು ಹಾಸನಕ್ಕೆ ಹೋದ ನೀಲಗಂಗಮ್ಮ ಬರಿಗೈಯಲ್ಲಿ ವಾಪಸು ಬಂದಾಗ ತಿಳಿಯಿತು, ರಬ್ಬರೆಲ್ಲ ಅಲ್ಲಿಂದಲೇ ಬರುತ್ತಿತ್ತೆಂದು. ಮೈಸೂರಿನಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಇದ್ದ ಟ್ಯೂಬುಗಳಲ್ಲೇ ಯುದ್ಧ ಮುಗಿಯುವವರೆಗೆ ಕಾಲ ಹಾಕಬೇಕು. ಷಡಕ್ಷರಿಗೆ ಈ ಸುದ್ದಿ ಚನ್ನರಾಯಪಟ್ಟಣದಲ್ಲೇ ಸಿಕ್ಕಿರಬೇಕು, ಹಬ್ಬಕ್ಕೆ ಕರೆಯುವ ನೆವದಲ್ಲಿ ಬಂದು ಸೈಕಲ್ಲುಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದ.

“ಪ್ಯಾಚಿನ ಮೇಲೆ ಪ್ಯಾಚು ಹಾಕಿದೀರಲ್ಲ ಅತ್ತಿಗೆ. ಟ್ಯೂಬೆಲ್ಲಿದೆ ಇದರಲ್ಲಿ?”

“ಪ್ಯಾಚಿನ ಕೆಳಗದೆ.”

“ಎಷ್ಟು ದಿನ ಅಂತ? ನಮ್ಮನೇಲಿ ನಿಮಗೆ ಊಟಕ್ಕೆ ಕಮ್ಮಿ ಮಾಡ್ತೀವಾ?”

“ಊಟಕ್ಕೆ ಕಮ್ಮಿ ಮಾಡಾಕಿಲ್ಲ ಅಂತ ನಂಗೊತ್ತು ಕಣಪ್ಪ. ಕೈಗೆ ಕೆಲ್ಸ ಕಮ್ಮಿ ಮಾಡಾಕಿಲ್ಲ ಅಂತ್ಲೂ ಗೊತ್ತು. ಇಲ್ಲಿ ಮಾಡಿದ್ ಕೆಲ್ಸ ನಂದು. ಅಷ್ಟೇಯ.”

ಅವನು ಹೋದ ಮಾರನೆಯ ದಿನವೇ ನೀಲಗಂಗಮ್ಮ ಗಾಡಿಯವರನ್ನು ಕರೆದು ಇನ್ನೊಂದು ಒಪ್ಪಂದ ಮಾಡಿಕೊಂಡರು. ಗಾಡಿಗಳು ರಸ್ತೆಯ ನಡುವಿನ ಜಾಡಿನಲ್ಲೇ ಹೋಗಬೇಕು; ಮರದ ಮಗ್ಗುಲಿನ ಅಂಚನ್ನು ಸೈಕಲ್ಲಿಗೆ ಬಿಡಬೇಕು. ಕಬ್ಬಿಣದ ಪಟ್ಟಿಯ ಚಕ್ರ ಹತ್ತದಿದ್ದರೆ ಅಲ್ಲಿ ಜಲ್ಲಿ ಏಳುವುದಿಲ್ಲ, ಜಲ್ಲಿ ಏಳದಿದ್ದರೆ ಟೈರು ಹರಿಯುವುದಿಲ್ಲ. ಹೀಗೆ ತರಗೆಲೆ ಬಿದ್ದು, ಸೈಕಲ್ಲು ಓಡಿ ಓಡಿ, ಮರಗಳ ಪಕ್ಕದಲ್ಲಿ ಒಂದು ಮೆತ್ತನೆಯ ಕಾಲುದಾರಿಯೇ ಆಯಿತು. ಹೊರೆ ಹೊತ್ತವರು ಇಳಿಸಿ ದಣಿವಾರಿಸಿಕೊಳ್ಳಲು ದಾರಿಯಲ್ಲಿ ಹೊರೆಗಲ್ಲು ನೆಡಿಸುವ ಹಾಗೆ, ಅಲ್ಲಲ್ಲಿ ಮರದ ಬುಡಕ್ಕೆ ಒಂದೊಂದು ಚಪ್ಪಟೆ ಕಲ್ಲು ಹಾಕಿಸಿದರು. ಸೈಕಲ್ ನಿಲ್ಲಿಸಿ ಕೂರಬಹುದು. ಯೋಗಾನರಸಿಂಹನಂಥ ಕುಳ್ಳರು ಅದರ ಮೇಲೆ ಕಾಲಿಟ್ಟು ಸೀಟು ಹತ್ತಲೂಬಹುದು. ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನ ಮೇಲೆ ಓಡುತ್ತಿದ್ದ ಬಸ್ಸು ಏರು ಬಂದ ಕಡೆಯೆಲ್ಲ ಜನರನ್ನು ಇಳಿಸಿ ತಳ್ಳಿಸುತ್ತಿತ್ತು. ಆ ಬಸ್ಸನ್ನು ತಳ್ಳುವುದಕ್ಕಿಂತ ನೆರಳಿನಲ್ಲಿ ಪೆಡಲು ತುಳಿಯುವುದು ವಾಸಿಯೆಂದು ಅರಕಲಗೂಡಿನ ಕಡೆಯಿಂದ ಬಂದವರೂ ಸ್ಟೇಷನ್ನಿನಲ್ಲಿಳಿದು ನೀಲಗಂಗಮ್ಮನ ಶಾಪು ಕೇಳತೊಡಗಿದರು. ಪ್ಯಾಚುಗಳು ನಿಂತವು. ಚಕ್ರ ತಿರುಗಿತು.

ನಲವತ್ತೈದರ ಬೇಸಿಗೆಯಲ್ಲಿ ಒಂದು ಸಂಜೆ ಮರಗಳ ಮೈಮೇಲೆ ಸುಣ್ಣದ ಪಟ್ಟೆ ಕಂಡಿತು. ಈ ಸಲ ಯೋಗಾನರಸಿಂಹ ಊಹೆ ಮಾಡಲಿಲ್ಲ. ಸೈಕಲ್ ನಿಲ್ಲಿಸಿ, ಸುಣ್ಣದ ಗಡಿಗೆ ಹಿಡಿದಿದ್ದವನನ್ನೇ ಕೇಳಿದ.

“ಇದ್ಲು ಸುಡಾಕೆ,” ಎಂದ ಅವನು. “ಬಸ್ಸಿಗೆ. ರಸ್ತೆ ಬದಿ ದಿಕ್ಕಿಲ್ಲದ ಮರವ ಕಡ್ಕೊಳ್ಳಿ ಅಂತ ನಮ್ ಕಂಟ್ರಾಕ್ಟರ್ಗೆ ಅಪ್ಪಣೆ ಆಗದೆ. ನಾಳೆ ಬೆಳಗ್ಗೆಯಿಂದ.”

ಯೋಗಾನರಸಿಂಹ ಎಷ್ಟು ಜೋರಾಗಿ ಸೈಕಲ್ ತುಳಿದನೆಂದರೆ ಶಾಪು ತಲುಪಿದಾಗ ಮಾತೇ ಬರಲಿಲ್ಲ. ಕೈಸನ್ನೆಯಲ್ಲಿ ಕೊಡಲಿ ತೋರಿಸಿ, ದಮ್ಮು ತಿರುಗಿದ ಮೇಲೆ ಇದ್ದಿಲಿನ ವಿಷಯ ಹೇಳಿದ. ನೀಲಗಂಗಮ್ಮ ಬಾನಿಯಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡರು.

“ಹಾಲುಮರದ ಇದ್ಲಲ್ಲಿ ಬಸ್ಸು ಓಡ್ತದಾ? ಬೂದಿಯಾಯ್ತದೆ, ಅಷ್ಟೇಯ.”

“ಚೀಲದ ತಳಕ್ಕೆ ಅದನ್ನ ತುಂಬಿ, ಮೇಲೆ ಜಾಲಿ ಇದ್ದಿಲು ಹಾಕ್ತಾರಂತೆ.”

“ಅಂಗೋ,” ಎಂದರು. ಈ ಬೇಸಿಗೆ ಆ ನೆರಳು ಹೋದರೆ, ಪ್ಯಾಚಿನ ಕೆಳಗಿರುವ ಆ ಟ್ಯೂಬುಗಳು ಒಂದು ತಿಂಗಳು ಬಾಳುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಚನ್ನರಾಯಪಟ್ಟಣದ ಅಡುಗೆಮನೆಯಲ್ಲಿ ಒಲೆ ಯಾವ ಗೋಡೆಗಿದೆಯೆಂಬುದೂ ಆ ಕ್ಷಣ ಅವರ ಕಣ್ಣಿಗೆ ಕಟ್ಟಿರಬೇಕು.

“ಗುಮಾಸ್ತ್ರೇ, ನಾಳೆ ಬಾಡಿಗೆ ಇಲ್ಲ ಅಂತ ಎಲ್ರಿಗೂ ಏಳ್ಬುಡಿ. ಆದ್ರೆ ಎಲ್ರೂ ಬರ್ಬೇಕು. ಸ್ವಂತ ಸೈಕಲ್ ಇರೋರು ಅದ್ನೂ ತರ್ಲಿ.”

ಬೆಳಿಗ್ಗೆ ಕೊಡಲಿಯವರು ಬಂದಾಗ ಊರ ಬಾಗಿಲಿನಿಂದ ಕಣ್ಣು ಹಾಯುವವರೆಗೆ ಒಂದೊಂದು ಮರಕ್ಕೂ ಒಂದೊಂದು ಸೈಕಲ್ ಒರಗಿತ್ತು. ಶಾಪಿನವು ಸಾಲದೆ ಹೋದ ಕಡೆ ಮೇಷ್ಟರ ಅಳಿಯನದು, ಚನ್ನಪ್ಪನ ಭಾವಮೈದುನನದು, ಆ ಭಾವಮೈದುನನ ಗೆಳೆಯನದು. ಕೊಡಲಿಯವರ ಮುಖಂಡ ಒಂದು ಸೈಕಲ್ಲಿನ ಸುತ್ತ ಹಾವಿನ ಸುತ್ತ ತಿರುಗುವ ಹಾಗೆ ತಿರುಗಿದ. ಯುದ್ಧಕಾಲದಲ್ಲಿ ಸೈಕಲ್ ಮುರಿದರೆ ಮನೆ ಮಾರಿದರೂ ಇನ್ನೊಂದು ಸಿಗದು.

“ಅಮ್ಮೋ, ಸೈಕಲ್ ತಗೀರಿ.”

“ನಾನ್ ನಿಲ್ಸಿಲ್ಲ ಕಣಪ್ಪ,” ಎಂದರು ಕಲ್ಲಿನ ಮೇಲೆ ಕೂತಿದ್ದ ನೀಲಗಂಗಮ್ಮ. “ಗಿರಾಕಿಗಳು ಒರಗಿಸ್ಬುಟ್ಟು ಓಗವ್ರೆ. ಬಂದ್ಮ್ಯಾಲೆ ತಗೀತಾರೆ.”

“ಯಾವಾಗ ಬತ್ತಾರೆ?”

“ಅಸಿವಾದಾಗ.”

ಮುಖಂಡ ಹಿಂದೆ ತಿರುಗಿ ನೋಡಿದ. ಅವನ ಆಳುಗಳು ಅಷ್ಟರಲ್ಲೇ ಮೇಷ್ಟರ ಮರದ ಕೆಳಗೆ ಕೂತು ಬೀಡಿ ಹಚ್ಚಿದ್ದರು. “ಬಾ ಅಣ್ಣ, ತಂಪಾಗದೆ,” ಎಂದ ಒಬ್ಬ.

ಬಿಸಿಲೇರುವ ಹೊತ್ತಿಗೆ ಕಂಟ್ರಾಕ್ಟರು ಬಂದ, ಕೂಗಾಡಿದ, ಹೋದ. ಅಮಲ್ದಾರರನ್ನು ಜಟಕಾದಲ್ಲಿ ಕೂರಿಸಿಕೊಂಡು ಮತ್ತೆ ಬಂದ. ತಾಲ್ಲೂಕಿನ ದೊಡ್ಡ ಅಧಿಕಾರಿ ಬಂದರೆಂದು ಊರೇ ನೆರೆಯಿತು. ಅಮಲ್ದಾರರು ಕೋಟಿನ ಗುಂಡಿ ಬಿಚ್ಚಿ, ನೆರಳಿಗೆ ಸರಿದು ನಿಂತು ಕೇಳಿದರು.

“ಯಾರದಯ್ಯ ಈ ಮರಗಳು?”

“ಯಾರದೂ ಅಲ್ಲ ಸಾಹೇಬ್ರೆ, ಅದೇ ನಾನು ಹೇಳೋದು,” ಎಂದ ಕಂಟ್ರಾಕ್ಟರು.

“ಅದೆಂಗಪ್ಪಾ?” ಎಂದ ಗಾಡಿಯವನೊಬ್ಬ ಗುಂಪಿನಿಂದ. “ಇದು ಶಾನುಭೋಗ್ರುದು. ಅದು ಮೇಷ್ಟ್ರುದು. ಇಡೀ ತಾಲ್ಲೂಕಿಗೆ ಗೊತ್ತು.”

ಅಮಲ್ದಾರರು ಅಪ್ಪಾಜಿಯವರ ಕಡೆ ತಿರುಗಿದರು. ಸರ್ಕಾರದ ರಸ್ತೆಯಲ್ಲಿ ಸರ್ಕಾರದ ಶಾನುಭೋಗನಿಗೆ ಮರ! ಅಪ್ಪಾಜಿಯವರ ರುಮಾಲು ತಾನಾಗಿ ಒಂದಿಷ್ಟು ಕೆಳಗೆ ಜಾರಿತು.

“ಹೆಸರು ನನ್ನದು ಸ್ವಾಮಿ, ಮರ ನನ್ನದಲ್ಲ. ಕರೆಯೋರು ಕರೀತಾರೆ, ನಾನೇನು ಮಾಡಲಿ?”

ಮೇಷ್ಟರಿಗೆ ಕೆಮ್ಮು ಬಂತು. ಆಗ ಯೋಗಾನರಸಿಂಹನಿಗೆ ಏನಾಯಿತೋ, ಮುಂದೆ ಬಂದು, “ಆ ಮೊದಲನೇದು ನನ್ನದು ಸಾರ್,” ಎಂದ. ಗಂಡುದನಿಯಲ್ಲಿ ಹೇಳಬೇಕೆಂದಿದ್ದ ಮಾತು ಹೋತನ ಮರಿಯ ದನಿಯಲ್ಲಿ ಹೊರಬಿತ್ತು.

“ಇವನ ಮನೇನೇ ಬಾಡಿಗೇದು ಸಾಹೇಬ್ರೆ, ಇವನಿಗೆಲ್ಲಿಂದ ಬಂತು ಮರ?” ಎಂದ ಕಂಟ್ರಾಕ್ಟರು. ಜನ ನಕ್ಕರು. ನಕ್ಕವರಲ್ಲಿ ಪರಮಶಿವಯ್ಯನವರೂ ಇದ್ದರು. ಸಂಬಳ ಕೊಡುವವರಾದ್ದರಿಂದ ಅವರು ಸ್ವಲ್ಪ ಜಾಸ್ತಿಯೇ ನಕ್ಕರು.

ಅಮಲ್ದಾರರು ಕೈಯೆತ್ತಿ ಸದ್ದಡಗಿಸಿದರು. ನೋಡಿ, ನನ್ನ ಕೈ ಕಟ್ಟಿದೆ ಎಂದರು. ದಾರಿಹೋಕರಿಗೆ ನೆರಳಾಗಲೆಂದು ಧರ್ಮಕ್ಕೆ ನೆಟ್ಟ ಸಾಲುಮರವಾದರೆ ಅದನ್ನು ಕಡಿಯಲು ಬಿಡುವುದಿಲ್ಲ, ಡಿಸ್ಟ್ರಿಕ್ಟ್ ಬೋರ್ಡಿನ ಮರವೆಂದು ನಂಬರು ಹಾಕಿಸಿಬಿಡುತ್ತೇನೆ. ಯಾರಾದರೂ ಸ್ವಂತ ಲಾಭಕ್ಕೆ ನೆಟ್ಟದ್ದಾದರೆ ಅದು ಸರ್ಕಾರಿ ಜಾಗದ ಒತ್ತುವರಿ. ಆಗ ಈತನ ಕೊಡಲಿಗೆ ಅಡ್ಡ ಬರಲು ನನಗೆ ಕಾರಣವಿಲ್ಲ.

ಗುಂಪಿಗೆ ಜೀವ ಬಂತು. ಇಷ್ಟು ಸುಲಭವೆಂದು ಯಾರಿಗೆ ಗೊತ್ತಿತ್ತು! ಅಪ್ಪಾಜಿಯವರು ನೀಲಗಂಗಮ್ಮನ ಹಿಂದೆ ಸರಿದು, “ಧರ್ಮಕ್ಕೆ ಅಂತ ಒಂದು ಮಾತು ಅಂದುಬಿಡಮ್ಮ, ನಿನ್ನ ದಮ್ಮಯ್ಯ,” ಎಂದು ಪಿಸುಗುಟ್ಟಿದರು. ಮೇಷ್ಟರು ಕೆಮ್ಮು ಬಿಟ್ಟು ತಲೆಯಾಡಿಸಿದರು. ಕಂಟ್ರಾಕ್ಟರು ಮಾತ್ರ ಹಲ್ಲು ಕಡಿದು, “ಆಯಮ್ಮಂದು ಸೈಕಲ್ ಅಂಗಡಿ ಇದೆ, ಮೊದಲು ಅದನ್ನ ಕೇಳಿ ಸಾಹೇಬ್ರೆ,” ಎಂದ.

ಆಮೇಲೆ ಆದದ್ದನ್ನು ಇಲ್ಲೇ ಹೇಳಿಬಿಡುವುದು ಲೇಸು. ಅಮಲ್ದಾರರು ನೀಲಗಂಗಮ್ಮನ ಉತ್ತರ ಕೇಳಿ ಕೋಟು ಅಲ್ಲಾಡುವಂತೆ ನಕ್ಕರು. ನಕ್ಕು ಸುಸ್ತಾಗಿ ಕಲ್ಲಿನ ಮೇಲೆ ಕೂತು, ಆ ನೆರಳಿನಲ್ಲಿ ನಿಂತಿದ್ದವರನ್ನೆಲ್ಲ ಒಮ್ಮೆ ನೋಡಿದರು. ಗಾಡಿಯವರು, ಕೊಡಲಿಯವರು, ತಮ್ಮ ಜಟಕಾದ ಕುದುರೆ. ಲಾಭಕ್ಕೋ ಧರ್ಮಕ್ಕೋ ಆಮೇಲೆ ನೋಡೋಣ, ಉಪಯೋಗ ಮಾತ್ರ ಊರಿನದೇ ಎಂದು ಹೇಳಿ, ಆ ವಾರವೇ ಮರಗಳಿಗೆ ಟಾರಿನಲ್ಲಿ ನಂಬರು ಬರೆಸಿದರು. ಇವತ್ತಿಗೂ ಹಳೇಕೋಟೆಗೆ ಹೋಗುವ ಸೈಕಲ್ಲಿನವರು ಮಧ್ಯಾಹ್ನವೂ ಟೋಪಿಯಿಲ್ಲದೆ ಹೋಗುತ್ತಾರೆ, ಮತ್ತು ನೀಲಗಂಗಮ್ಮ ಸ್ಟೇಷನ್ ರಸ್ತೆಯ ತಿರುವಿನಲ್ಲೇ ಇದ್ದಾರೆ.

ಆದರೆ ಅದೆಲ್ಲ ಆದದ್ದು ಉತ್ತರ ಕೇಳಿದ ಮೇಲೆ. ಕೇಳುವ ಮುಂಚೆ, ಆ ಬಿಸಿಲಿನಲ್ಲಿ, ಇಡೀ ಊರು ನೀಲಗಂಗಮ್ಮನ ಬಾಯಿಯನ್ನೇ ನೋಡುತ್ತ ನಿಂತಿತ್ತು. ಸುಳ್ಳೆಂದರೆ ಸಣ್ಣ ಸುಳ್ಳು. ಅದರಿಂದ ಯಾರಿಗೂ ಕೇಡಿಲ್ಲ. ಅವರ ಜಾಗದಲ್ಲಿ ತಾನಿದ್ದರೆ ಅಷ್ಟುಹೊತ್ತಿಗೆ ಧರ್ಮವೆಂಬ ಮಾತನ್ನು ಹತ್ತು ಸಲ ಹೇಳಿ, ಒಂದು ಶ್ಲೋಕವನ್ನೂ ಸೇರಿಸಿಬಿಡುತ್ತಿದ್ದೆನೆಂದು ಯೋಗಾನರಸಿಂಹನಿಗೆ ಅನುಮಾನವೇ ಇರಲಿಲ್ಲ.

“ಏನಮ್ಮ,” ಎಂದರು ಅಮಲ್ದಾರರು. “ಇಷ್ಟು ಜನರ ಎದುರಿಗೆ ನಿಜ ಹೇಳು. ಇವನ್ನ ನೆಟ್ಟದ್ದು ಪುಣ್ಯಕ್ಕೋ, ನಿನ್ನ ಅಂಗಡಿಯ ಲಾಭಕ್ಕೋ?”

ನೀಲಗಂಗಮ್ಮ ಕಲ್ಲಿನಿಂದ ಎದ್ದು, ಸೆರಗು ಬಿಗಿದುಕೊಂಡು, ಅವರ ಮುಖ ನೋಡಿಯೇ ಹೇಳಿದರು.

“ಲಾಬಕ್ಕೇ ಸಾ. ಪುಣ್ಯಕ್ಕಾಗಿದ್ರೆ ನಾಕು ನೆಟ್ಬುಟ್ಟು ಸಾಕು ಅಂತ ಕೂತ್ಕತಿದ್ದೆ.”